ಹೃದಯದ ಸಂಶೋಧನಾ ಲೇಖನ ಓದುವುದು ಹೇಗೆ: ಉಪ್ಪಿನ ಡಬ್ಬಿ ಬದಲಿಸುವ ಮೊದಲು ಮಾಡಬೇಕಾದ ಕೆಲಸ

"ಉಪ್ಪು ಬದಲಿಸಿದರೆ ಲಕ್ವಾ ಹೊಡೆಯುವುದು ಕಡಿಮೆಯಾಗುತ್ತದಂತೆ, ದೊಡ್ಡ ಜರ್ನಲ್‌ನಲ್ಲೇ ಬಂದಿದೆ." ಮನೆಯ ವಾಟ್ಸಾಪ್ ಗುಂಪಿಗೆ ಹೀಗೊಂದು ಸಂದೇಶ ಬಂದು ಬೀಳುತ್ತದೆ. ಬೆಂಗಳೂರಿನಲ್ಲಿರುವ ಮಗ ಕುಮಟಾದ ಅಪ್ಪನಿಗೆ ಆನ್‌ಲೈನ್‌ನಲ್ಲಿ ಕಡಿಮೆ ಸೋಡಿಯಂ ಉಪ್ಪು ತರಿಸಿ ಕೊಡುತ್ತಾನೆ. ಅಪ್ಪನಿಗೆ ಕಿಡ್ನಿ ತೊಂದರೆ ಇದೆ. ಸುದ್ದಿ ಸುಳ್ಳಲ್ಲ. ಲೇಖನವೂ ಒಳ್ಳೆಯದೇ. ಆದರೆ ಆ ಅಧ್ಯಯನದಲ್ಲಿ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಅದನ್ನು ಲೇಖನದ ನಡುವೆ ಬರೆದಿದ್ದಾರೆ. ಅಲ್ಲಿಯವರೆಗೆ ಓದಿದವರು ಯಾರೂ ಇಲ್ಲ.

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಇದೇ ಕಥೆ. ಜನ ಲೇಖನದ ಕೊನೆಯ ಸಾಲು ಓದುತ್ತಾರೆ, ಗುಳಿಗೆ ಬಿಡುತ್ತಾರೆ ಅಥವಾ ಹೊಸದೇನೋ ಶುರುಮಾಡುತ್ತಾರೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಆ ಉಪ್ಪಿನ ಲೇಖನವನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೋಗೋಣ. ಬೇರೆ ಲೇಖನ ಸಿಕ್ಕಾಗಲೂ ಇದೇ ಕ್ರಮ ಸಾಕು.

## ಶುರುಮಾಡುವ ಮೊದಲು

ಲೇಖನ ಓದುವುದು ಆರಾಮಾಗಿ ಇರುವಾಗ ಮಾಡುವ ಕೆಲಸ. ಎದೆಯಲ್ಲಿ ಒತ್ತಿದಂತೆ ನೋವು, ಅದು ಕೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಏನನ್ನೂ ಹುಡುಕಬೇಡಿ. 108ಕ್ಕೆ ಕರೆ ಮಾಡಿ. ಹೃದಯದ ದೊಡ್ಡ ಚಿಕಿತ್ಸೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯುವುದೇ ಜಾಸ್ತಿ. ದಾರಿಗೇ ಅಷ್ಟು ಹೊತ್ತು ಬೇಕಾಗುವಾಗ ಮನೆಯಲ್ಲಿ ಹತ್ತು ನಿಮಿಷವೂ ಕಳೆಯುವಂತಿಲ್ಲ. ಎದೆನೋವಾದರೆ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಬೇಕು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಫೋನಿನಲ್ಲಿ ಕೋಷ್ಟಕಗಳು ತುಂಡಾಗಿ ಕಾಣುತ್ತವೆ. ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್ ಇರಲಿ. ನಿಮ್ಮ ಇತ್ತೀಚಿನ ರಿಪೋರ್ಟುಗಳ ಫೈಲು, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಪಟ್ಟಿಯೂ ಪಕ್ಕದಲ್ಲಿರಲಿ. ಇಂಗ್ಲಿಷ್ ಕಷ್ಟವಾದರೆ ಅನುವಾದದ ಆ್ಯಪ್ ಬಳಸಬಹುದು. ಆದರೆ ಅಂಕಿಗಳನ್ನು, ಮತ್ತು 'ಇಲ್ಲ', 'ಹೊರತುಪಡಿಸಿ' ಎನ್ನುವ ಮಾತು ಬರುವ ಸಾಲುಗಳನ್ನು ಮೂಲದಲ್ಲೇ ನೋಡಿ. ಯಂತ್ರ ಮಾಡಿಕೊಟ್ಟ ಸಾರಾಂಶ ಎಡವುವುದು ಸಾಮಾನ್ಯವಾಗಿ ಅಲ್ಲೇ.

## ಹಂತ 1: ಮೂಲ ಲೇಖನ ಹುಡುಕಿ

ಸಂದೇಶದಲ್ಲಿ ಮೂರು ಗುರುತು ಹುಡುಕಿ: ಜರ್ನಲ್ ಹೆಸರು, ವರ್ಷ, ಅಧ್ಯಯನದ ವಿಷಯ. "ವಿಜ್ಞಾನಿಗಳು ಹೇಳಿದ್ದಾರೆ" ಎಂದಷ್ಟೇ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗುರುತು ಸಿಕ್ಕರೆ ಪಬ್‌ಮೆಡ್ ತೆರೆಯಿರಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಉಚಿತ ಹುಡುಕು ತಾಣ ಅದು. ನಮ್ಮ ಉದಾಹರಣೆಗೆ ಸಾಲ್ಟ್ ಸಬ್‌ಸ್ಟಿಟ್ಯೂಟ್, ಸ್ಟ್ರೋಕ್, 2021 ಎಂದು ಇಂಗ್ಲಿಷಿನಲ್ಲಿ ಹಾಕಿದರೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಲೇಖನ ಸಿಗುತ್ತದೆ.

ಕೆಲವು ಲೇಖನಗಳ ಪೂರ್ತಿ ಪಾಠ ಉಚಿತ, ಕೆಲವಕ್ಕೆ ದುಡ್ಡು ಕೇಳುತ್ತಾರೆ. ದುಡ್ಡು ಕೊಡುವ ಮೊದಲು ಎರಡು ದಾರಿ ನೋಡಿ. ಒಂದು, ಅದೇ ಗ್ರಂಥಾಲಯ ಪೂರ್ತಿ ಲೇಖನಗಳನ್ನು ಉಚಿತವಾಗಿ ಇಟ್ಟಿರುವ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪ್ರತಿ ಇದೆಯೇ ಎಂದು ನೋಡುವುದು. ಎರಡು, ಲೇಖನದಲ್ಲಿ ಕೊಟ್ಟಿರುವ ಲೇಖಕರ ಇಮೇಲ್‌ಗೆ ಎರಡು ಸಾಲು ಬರೆದು ಪ್ರತಿ ಕೇಳುವುದು. ಹಲವರು ಸಂತೋಷದಿಂದಲೇ ಕಳಿಸುತ್ತಾರೆ. ಭಾರತದ ಹೃದಯ ವೈದ್ಯರ ಸಂಘಟನೆಯಾದ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ ಇಂಡಿಯನ್ ಹಾರ್ಟ್ ಜರ್ನಲ್ ಎಲ್ಲರಿಗೂ ಉಚಿತವಾಗಿ ಓದಲು ಸಿಗುತ್ತದೆ. ಓದಿ ರೂಢಿ ಮಾಡಿಕೊಳ್ಳಲು ಅದೇ ಒಳ್ಳೆಯ ಜಾಗ.

## ಹಂತ 2: ಜರ್ನಲ್ ಅಸಲಿಯೇ, ಲೇಖನ ಇನ್ನೂ ನಿಂತಿದೆಯೇ

ಹೃದಯದ ವಿಷಯಕ್ಕೆ ಹೆಸರಾದ ಜರ್ನಲ್‌ಗಳೆಂದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಸರ್ಕ್ಯುಲೇಷನ್, ಯುರೋಪಿಯನ್ ಹಾರ್ಟ್ ಜರ್ನಲ್, ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿಯ ಜರ್ನಲ್, ಬ್ರಿಟನ್ನಿನ ಹಾರ್ಟ್. ಇವುಗಳ ಹೆಸರಿಗೇ ಹೋಲುವ ಹೆಸರಿಟ್ಟುಕೊಂಡು, ದುಡ್ಡು ಕೊಟ್ಟವರ ಲೇಖನವನ್ನೆಲ್ಲ ಅಚ್ಚು ಹಾಕುವ ನಕಲಿ ಜರ್ನಲ್‌ಗಳೂ ಇವೆ. ಹೆಸರನ್ನು ಅಕ್ಷರ ಬಿಡದೆ ನೋಡಿ.

ಒಳ್ಳೆಯ ಜರ್ನಲ್‌ನಲ್ಲಿ ಲೇಖನ ಅಚ್ಚಾಗುವ ಮೊದಲು ಅದೇ ಕ್ಷೇತ್ರದ ಕೆಲವು ಪರಿಣತರು ಓದಿ ಪ್ರಶ್ನೆ ಕೇಳುತ್ತಾರೆ, ತಿದ್ದಿಸುತ್ತಾರೆ, ಎಷ್ಟೋ ಸಲ ತಿರಸ್ಕರಿಸುತ್ತಾರೆ. ಆದರೆ ಅವರು ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡುವುದಿಲ್ಲ. ಪ್ರತಿ ರೋಗಿಯ ದಾಖಲೆ ತೆರೆಯುವುದೂ ಅಪರೂಪ. ಹಾಗಾಗಿ 'ಪರಿಣತರು ಓದಿದ್ದಾರೆ' ಎಂದರೆ ಒಂದು ಬಾಗಿಲು ದಾಟಿ ಬಂದಿದೆ ಎಂದಷ್ಟೇ ಅರ್ಥ. ಪರಿಣತರು ಓದುವ ಮೊದಲೇ ಲೇಖನ ಹಾಕುವ ಮೆಡ್‌ಆರ್‌ಕೈವ್‌ನಂಥ ತಾಣದಲ್ಲಿರುವ ಲೇಖನ ಆ ಬಾಗಿಲನ್ನೂ ದಾಟಿರುವುದಿಲ್ಲ.

ಈಗ ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ಲೇಖನವನ್ನು ಹಿಂದಕ್ಕೆ ಪಡೆದಿದ್ದಾರೆಯೇ ನೋಡಿ. ಹಿಂಪಡೆದಿದ್ದರೆ ಪಬ್‌ಮೆಡ್ ಪುಟದ ತಲೆಯಲ್ಲೇ ಎದ್ದು ಕಾಣುವ ಪಟ್ಟಿಯಲ್ಲಿ ರಿಟ್ರ್ಯಾಕ್ಟೆಡ್ ಎಂದು ಬರೆದಿರುತ್ತದೆ. ಕೋವಿಡ್ ಕಾಲದಲ್ಲಿ ಹೃದ್ರೋಗ ಮತ್ತು ಬಿಪಿ ಗುಳಿಗೆಗಳ ಬಗ್ಗೆ ಬಂದ ಒಂದು ಲೇಖನವನ್ನು ನ್ಯೂ ಇಂಗ್ಲೆಂಡ್ ಜರ್ನಲ್ 2020ರ ಮೇ ತಿಂಗಳಲ್ಲಿ ಪ್ರಕಟಿಸಿ ಜೂನ್‌ನಲ್ಲೇ ಹಿಂಪಡೆಯಿತು. ಅದರ ಮೂಲ ಅಂಕಿಅಂಶವನ್ನು ಸ್ವತಂತ್ರವಾಗಿ ಪರೀಕ್ಷಿಸಲು ಸಿಗಲೇ ಇಲ್ಲ. ಆಲಿವ್ ಎಣ್ಣೆ, ಬೀಜಗಳ ಊಟ ಹೃದಯಕ್ಕೆ ಒಳ್ಳೆಯದು ಎಂದ 2013ರ ಪ್ರೆಡಿಮೆಡ್ ಲೇಖನದ ಕಥೆ ಬೇರೆ. ಜನರನ್ನು ಗುಂಪುಗಳಿಗೆ ಹಂಚಿದ ರೀತಿಯಲ್ಲಿ ಕೆಲವೆಡೆ ತಪ್ಪಾಗಿತ್ತು. 2018ರಲ್ಲಿ ಹಳೆಯದನ್ನು ಹಿಂಪಡೆದು, ಲೆಕ್ಕ ಸರಿಪಡಿಸಿ ಹೊಸದಾಗಿ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಅದೇ ಬಂತು. ಅದರ ಬಗ್ಗೆ ಬರುವ ಸಂದೇಶ ಯಾವ ವರ್ಷದ ಲೇಖನದ್ದು ಎಂದು ನೋಡಿಕೊಳ್ಳಿ.

## ಹಂತ 3: ಮೇಲಿಂದ ಕೆಳಗೆ ಓದಬೇಡಿ

ಲೇಖನದ ತಲೆಯಲ್ಲಿ ಒಂದು ಸಾರಾಂಶ ಇರುತ್ತದೆ. ಅದರ ಕೊನೆಯ ಎರಡು ಸಾಲೇ ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಓಡಾಡುವುದು. ಅದನ್ನು ಸದ್ಯಕ್ಕೆ ಓದಲೇಬೇಡಿ. ಮೊದಲು ಓದಿಬಿಟ್ಟರೆ ಉಳಿದದ್ದೆಲ್ಲ ಅದನ್ನೇ ಒಪ್ಪಿಸುವಂತೆ ಕಾಣುತ್ತದೆ.

ಶೀರ್ಷಿಕೆ ಓದಿ ನೇರ ಮೆಥಡ್ಸ್, ಅಂದರೆ ಅಧ್ಯಯನವನ್ನು ಹೇಗೆ ಮಾಡಿದರು ಎಂಬ ಭಾಗಕ್ಕೆ ಹೋಗಿ. ಆಮೇಲೆ ಮೊದಲ ಕೋಷ್ಟಕ, ಅಂದರೆ ಭಾಗವಹಿಸಿದವರ ವಯಸ್ಸು, ಕಾಯಿಲೆ, ಗುಳಿಗೆಗಳ ವಿವರ. ನಂತರ ರಿಸಲ್ಟ್ಸ್, ಅಂದರೆ ಫಲಿತಾಂಶ. ಆಮೇಲೆ ಲೇಖಕರು ತಮ್ಮ ಕೆಲಸದ ಮಿತಿಗಳನ್ನು ಹೇಳಿಕೊಳ್ಳುವ ಪ್ಯಾರಾ. ಅದು ಸಾಮಾನ್ಯವಾಗಿ ಫಲಿತಾಂಶವನ್ನು ಚರ್ಚಿಸುವ ಡಿಸ್ಕಷನ್ ಭಾಗದ ಕೊನೆಯ ಹತ್ತಿರ ಇರುತ್ತದೆ. ಸಾರಾಂಶದ ಕೊನೆಯ ಸಾಲಿಗೆ ಬರುವುದು ಇದೆಲ್ಲ ಆದ ಮೇಲೆ.

## ಹಂತ 4: ಯಾರು ಒಳಗೆ, ಯಾರು ಹೊರಗೆ

ಈ ಹಂತಕ್ಕೆ ಜಾಸ್ತಿ ಹೊತ್ತು ಕೊಡಿ. ಬೇರೆಲ್ಲ ಮರೆತರೂ ಇದೊಂದನ್ನು ಮಾಡಿ.

ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅಧ್ಯಯನದಲ್ಲಿದ್ದವರು, ಬಲಕ್ಕೆ ನೀವು. ಉಪ್ಪಿನ ಅಧ್ಯಯನ ನಡೆದದ್ದು ಚೀನಾದ 600 ಹಳ್ಳಿಗಳಲ್ಲಿ. 20,995 ಜನ ಇದ್ದರು. ಎಲ್ಲರೂ ಒಂದೋ ಮೊದಲೇ ಲಕ್ವಾ ಹೊಡೆದವರು, ಇಲ್ಲವೇ 60 ದಾಟಿದ, ಬಿಪಿ ಇರುವವರು. ಸರಾಸರಿ ವಯಸ್ಸು 65.4. ನೂರರಲ್ಲಿ 72ಕ್ಕೂ ಹೆಚ್ಚು ಜನರಿಗೆ ಹಿಂದೆ ಲಕ್ವಾ ಆಗಿತ್ತು. ಅರ್ಧ ಹಳ್ಳಿಗಳಿಗೆ 75 ಪಾಲು ಸೋಡಿಯಂ ಕ್ಲೋರೈಡ್, 25 ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟರು. ಉಳಿದವರು ಮಾಮೂಲಿ ಉಪ್ಪನ್ನೇ ಬಳಸಿದರು.

ಇನ್ನು ಹೊರಗುಳಿದವರು. ತಮಗಾಗಲಿ ಮನೆಯಲ್ಲಿ ಇನ್ನೊಬ್ಬರಿಗಾಗಲಿ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ತೆಗೆದುಕೊಂಡಿರಲಿಲ್ಲ. ಪೊಟ್ಯಾಸಿಯಂ ಉಳಿಸಿಕೊಳ್ಳುವ ಮೂತ್ರದ ಗುಳಿಗೆ ಅಥವಾ ಪೊಟ್ಯಾಸಿಯಂ ಪೂರಕ ತೆಗೆದುಕೊಳ್ಳುವವರನ್ನೂ ಬಿಟ್ಟಿದ್ದರು. 'ಮನೆಯಲ್ಲಿ ಇನ್ನೊಬ್ಬರಿಗೆ' ಎಂಬುದನ್ನು ಗಮನಿಸಿ. ಅಡುಗೆಮನೆಯ ಉಪ್ಪು ಒಂದೇ ಡಬ್ಬಿಯದು, ಅಲ್ವಾ? ಅಪ್ಪನಿಗೆಂದು ತಂದದ್ದನ್ನು ಆಯಿಯೂ ತಿನ್ನುತ್ತಾರೆ.

ಈಗ ಬಲಬದಿ ತುಂಬಿಸಿ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಅಂಕಿ, ನಿಮ್ಮ ಕ್ರಿಯಾಟಿನಿನ್ ಎಷ್ಟು? ಪೊಟ್ಯಾಸಿಯಂ ಉಳಿಸಿಕೊಳ್ಳುವ ಮೂತ್ರದ ಗುಳಿಗೆಯಾದ ಸ್ಪೈರನೊಲ್ಯಾಕ್ಟೋನ್ ಇದೆಯೇ? ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಥರದ ಬಿಪಿ ಗುಳಿಗೆ ಇದೆಯೇ? ಈ ಗುಳಿಗೆಗಳೆಲ್ಲ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲವು. ಪೊಟ್ಯಾಸಿಯಂ ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹೃದಯ ಉಳಿಸಲು ತಂದ ಉಪ್ಪು ಹೃದಯಕ್ಕೇ ಹೊಡೆಯುವುದು ಹೀಗೆ.

ಊಟದ ರೀತಿಯನ್ನೂ ಹೋಲಿಸಿ. ಆ ಹಳ್ಳಿಗಳಲ್ಲಿ ಹೊಟ್ಟೆಗೆ ಹೋಗುವ ಉಪ್ಪಿನ ಬಹುಪಾಲು ಮನೆಯ ಅಡುಗೆಯಿಂದಲೇ ಬರುತ್ತಿತ್ತು. ಅದಕ್ಕೇ ಡಬ್ಬಿ ಬದಲಿಸಿದ್ದು ಕೆಲಸಕ್ಕೆ ಬಂತು. ನಮ್ಮ ಮಳೆಗಾಲದ ಊಟ ನೆನಪಿಸಿಕೊಳ್ಳಿ. ಕರಾವಳಿಯಲ್ಲಿ ಒಣಮೀನು, ಘಟ್ಟದ ಮೇಲೆ ಭರಣಿಯಲ್ಲಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಎರಡೂ ಕಡೆ ಹಪ್ಪಳ. ಅವುಗಳ ಉಪ್ಪು ಅಲ್ಲೇ ಇರುತ್ತದೆ, ಸಾರಿಗೆ ಹಾಕುವ ಉಪ್ಪು ಯಾವುದಾದರೂ ಸರಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ನೈಸರ್ಗಿಕ, ಹಾಗಾಗಿ ಬಿಪಿಗೆ ತೊಂದರೆಯಿಲ್ಲ ಎನ್ನುವವರೂ ಇದ್ದಾರೆ. ಸಮುದ್ರದ ನೀರು ಒಣಗಿಸಿ ಮಾಡಿದ ಉಪ್ಪಿನಲ್ಲೂ ಮುಖ್ಯವಾಗಿ ಇರುವುದು ಸೋಡಿಯಂ ಕ್ಲೋರೈಡೇ. ರುಚಿಗೆ ತಿನ್ನಿ, ಬಿಪಿಯ ಔಷಧ ಅಂತ ಬೇಡ.

ಇದೇ ಕಣ್ಣಿನಿಂದ ಇನ್ನೊಂದು ಹೆಸರಾಂತ ಅಧ್ಯಯನ ನೋಡಿ. ಬಿಪಿಯ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗೆ ತಂದರೆ ಒಳ್ಳೆಯದು ಎಂದ 2015ರ ಸ್ಪ್ರಿಂಟ್. 9,361 ಜನ ಇದ್ದರು. ಸಕ್ಕರೆ ಕಾಯಿಲೆ ಇದ್ದವರು, ಮೊದಲೇ ಲಕ್ವಾ ಆದವರು ಹೊರಗೆ. ಬಿಪಿ ಅಳೆದ ರೀತಿಯೂ ಬೇರೆ. ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರದಿಂದ ಮೂರು ಸಲ ಅಳೆದು ಸರಾಸರಿ ತೆಗೆದರು. ಬನವಾಸಿಯಿಂದ ಬಸ್ಸಿನಲ್ಲಿ ನಿಂತು ಬಂದು, ಶಿರಸಿಯಲ್ಲಿ ಚೀಟಿ ಮಾಡಿಸಿ, ಮೆಟ್ಟಿಲು ಹತ್ತಿ ಕೂತ ಕೂಡಲೇ ಅಳೆದ 150ನ್ನು ಆ 120ರ ಪಕ್ಕ ಇಡಲಾಗುವುದಿಲ್ಲ. ಅಂಥ ಓದನ್ನು ನಂಬಿ ಗುಳಿಗೆ ಏರಿಸಿದರೆ ತಲೆ ಸುತ್ತಿ ಬಚ್ಚಲಲ್ಲಿ ಬೀಳುವ ಅಪಾಯ ಇದೆ. ಸ್ಪ್ರಿಂಟ್‌ನಲ್ಲೂ ಬಿಪಿ ಜಾಸ್ತಿ ಇಳಿಸಿದ ಗುಂಪಿನಲ್ಲಿ ತೀರಾ ಕಡಿಮೆ ಬಿಪಿ, ಪ್ರಜ್ಞೆ ತಪ್ಪುವುದು, ಕಿಡ್ನಿಗೆ ಪೆಟ್ಟು ಹೆಚ್ಚು ಕಂಡಿದ್ದವು.

## ಹಂತ 5: ಹೇಗೆ ಹೋಲಿಸಿದರು

ಎರಡು ಬಗೆಯನ್ನು ಬೇರೆ ಮಾಡಿದರೆ ಸಾಕು. ಒಂದು, ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸದು, ಇನ್ನೊಂದಕ್ಕೆ ಹಳೆಯದು ಕೊಡುವುದು. ಲೇಖನದಲ್ಲಿ ರ‍್ಯಾಂಡಮೈಸ್ಡ್ ಎಂಬ ಪದ ಹುಡುಕಿ. ಇನ್ನೊಂದು, ಜನ ತಾವಾಗಿ ಏನು ಮಾಡುತ್ತಾರೋ ಅದನ್ನು ನೋಡಿ ಬರೆದುಕೊಳ್ಳುವುದು.

ಎರಡನೆಯದರಲ್ಲಿ ಒಂದು ಗುಂಡಿ ಇದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ದಿನಾ ಬೆಳಿಗ್ಗೆ ನಡೆಯುವವರಲ್ಲಿ ಹೃದ್ರೋಗ ಕಡಿಮೆ ಎಂದು ಯಾರೋ ಲೆಕ್ಕ ತೆಗೆದರು ಎಂದಿಟ್ಟುಕೊಳ್ಳಿ. ನಡೆದದ್ದರಿಂದ ಕಡಿಮೆಯಾಯಿತೋ? ಅಥವಾ ಮಂಡಿ, ಉಸಿರು ಎಲ್ಲ ಚೆನ್ನಾಗಿದ್ದವರು ಮಾತ್ರ ಅಲ್ಲಿಗೆ ಬರುತ್ತಾರೋ? ನೋಡಿ ಬರೆದುಕೊಂಡರೆ ಅದು ಗೊತ್ತಾಗುವುದಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನ್ ಗುಳಿಗೆ ತೆಗೆದುಕೊಂಡ ಹೆಂಗಸರಿಗೆ ಹೃದ್ರೋಗ ಕಡಿಮೆ ಎಂದು ಇಂಥ ಅಧ್ಯಯನಗಳು ವರ್ಷಗಟ್ಟಲೆ ಹೇಳುತ್ತಿದ್ದವು. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಚೀಟಿ ಎತ್ತಿ ಹಂಚಿ ನೋಡಿದಾಗ ಹೃದಯಕ್ಕೆ ಆ ಲಾಭ ಕಾಣಲಿಲ್ಲ. ಆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಒಬ್ಬಿಬ್ಬರು ರೋಗಿಗಳ ವರದಿ, ಇಲಿಗಳ ಮೇಲಿನ ಕೆಲಸ ವೈದ್ಯರಿಗೆ ಉಪಯೋಗ. ನಿಮ್ಮ ಅಡುಗೆಮನೆಗಲ್ಲ.

## ಹಂತ 6: ಕೊನೆಗೆ ಏನನ್ನು ಎಣಿಸಿದರು

ಸಾವು, ಹೃದಯಾಘಾತ, ಲಕ್ವಾ ಎಣಿಸಿದ್ದಾರೆಯೇ? ಅಥವಾ ರಕ್ತದ ಒಂದು ಅಂಕಿಯನ್ನೋ ಇಸಿಜಿಯ ಒಂದು ಗೆರೆಯನ್ನೋ? ಎರಡರ ನಡುವೆ ತುಂಬ ದೂರ ಇದೆ.

ಕ್ಯಾಸ್ಟ್ ಎಂಬ ಪ್ರಯೋಗ ಇದಕ್ಕೆ ದೊಡ್ಡ ಪಾಠ. ಹೃದಯಾಘಾತವಾದ ಮೇಲೆ ಕೆಲವರ ಬಡಿತ ನಡುನಡುವೆ ತಪ್ಪುತ್ತದೆ. ಅದನ್ನು ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಚೆನ್ನಾಗಿ ಹತೋಟಿಗೆ ತರುತ್ತಿದ್ದವು. ಇಸಿಜಿ ಚೆಂದ ಆಗುತ್ತಿತ್ತು. 1991ರ ವರದಿಯಲ್ಲಿ ಸತ್ತವರನ್ನು ಎಣಿಸಿದರೆ, ಔಷಧ ಪಡೆದ 755 ಜನರಲ್ಲಿ 63, ಔಷಧವಿಲ್ಲದ ಗುಳಿಗೆ ಪಡೆದ 743 ಜನರಲ್ಲಿ 26.

ಇನ್ನೊಂದು ಎಚ್ಚರಿಕೆ. ಕೆಲವು ಲೇಖನಗಳು ಸಾವು, ಹೃದಯಾಘಾತ, ಆಸ್ಪತ್ರೆಗೆ ಸೇರಿದ್ದು ಎಲ್ಲವನ್ನೂ ಒಟ್ಟು ಸೇರಿಸಿ ಒಂದೇ ಅಂಕಿ ಕೊಡುತ್ತವೆ. ಬಿಡಿಬಿಡಿಯಾಗಿ ಕೊಟ್ಟ ಕೋಷ್ಟಕ ಹುಡುಕಿ. ಕೆಲವೊಮ್ಮೆ ಆಸ್ಪತ್ರೆ ಸೇರುವುದು ಮಾತ್ರ ಕಡಿಮೆಯಾಗಿ, ಸಾವಿನ ಲೆಕ್ಕ ಇದ್ದಲ್ಲೇ ಇರುತ್ತದೆ.

## ಹಂತ 7: ಶೇಕಡಾ ಬಿಡಿಸಿ ನೋಡಿ

ಕ್ಯಾಲ್ಕುಲೇಟರ್ ತೆಗೆಯಿರಿ. ಹೊಸ ಉಪ್ಪಿನಿಂದ ಲಕ್ವಾ ಶೇ. 14 ಕಡಿಮೆ ಎಂದು ಸುದ್ದಿ. ಲೇಖನದೊಳಗಿನ ಅಂಕಿ ಹೀಗಿದೆ: ಮಾಮೂಲಿ ಉಪ್ಪಿನ ಸಾವಿರ ಜನರನ್ನು ಒಂದು ವರ್ಷ ನೋಡಿದರೆ 33.65 ಲಕ್ವಾ, ಹೊಸ ಉಪ್ಪಿನ ಸಾವಿರ ಜನರಲ್ಲಿ 29.14.

ಮೊದಲು ಕಳೆಯಿರಿ. 33.65ರಲ್ಲಿ 29.14 ಹೋದರೆ 4.51. ಅಂದರೆ ಸಾವಿರ ಜನ ಒಂದು ವರ್ಷ ಉಪ್ಪು ಬದಲಿಸಿದರೆ ನಾಲ್ಕೈದು ಲಕ್ವಾ ತಪ್ಪುತ್ತದೆ. ಈಗ 1000ವನ್ನು 4.51ರಿಂದ ಭಾಗಿಸಿ. ಸುಮಾರು 222. ಅಷ್ಟು ಜನ ಒಂದು ವರ್ಷ ಬಳಸಿದರೆ ಒಂದು ಲಕ್ವಾ ತಪ್ಪಿದಂತೆ. ಅಧ್ಯಯನ ಸರಾಸರಿ 4.74 ವರ್ಷ ನಡೆಯಿತು. ಅಷ್ಟು ಕಾಲಕ್ಕೆ ಒರಟಾಗಿ ಲೆಕ್ಕ ಹಾಕಿದರೆ 47 ಜನಕ್ಕೆ ಒಂದು.

ಇದು ಸಣ್ಣದಲ್ಲ. ಉಪ್ಪಿನಷ್ಟು ಅಗ್ಗದ ವಸ್ತುವಿಗೆ ನನ್ನ ಮಟ್ಟಿಗೆ ದೊಡ್ಡ ಲಾಭವೇ. ಆದರೆ ಇದು ಮೊದಲೇ ಅಪಾಯ ಜಾಸ್ತಿ ಇದ್ದ ಜನರ ಲೆಕ್ಕ. ಮೂವತ್ತರ, ಬಿಪಿ ಇಲ್ಲದ ಹುಡುಗನಿಗೆ ತಪ್ಪಿಸಲು ಅಷ್ಟು ಅಪಾಯವೇ ಇರುವುದಿಲ್ಲ. ಅದೇ ಶೇ. 14 ಅವನ ಪಾಲಿಗೆ ತೀರಾ ಚಿಕ್ಕದಾಗುತ್ತದೆ. ಬಿಪಿ ಜಾಸ್ತಿ ಇಳಿಸಿದರೆ ಹೃದಯಾಘಾತ, ಲಕ್ವಾದಂಥ ಘಟನೆಗಳು ಶೇ. 25 ಕಡಿಮೆ ಎಂದ ಸ್ಪ್ರಿಂಟ್‌ನ ಲೆಕ್ಕವನ್ನೂ ಬಿಡಿಸಿದರೆ ವರ್ಷಕ್ಕೆ ನೂರರಲ್ಲಿ 2.19 ಇದ್ದದ್ದು 1.65ಕ್ಕೆ ಇಳಿದದ್ದು.

ಆಮೇಲೆ ಕನ್ಫಿಡೆನ್ಸ್ ಇಂಟರ್ವಲ್ ಎಂಬ ಎರಡು ಅಂಕಿ ನೋಡಿ. ಹೊಸ ಉಪ್ಪಿನ ಗುಂಪಿನ ಲಕ್ವಾದ ಪ್ರಮಾಣವನ್ನು ಮಾಮೂಲಿ ಉಪ್ಪಿನ ಗುಂಪಿನದರಿಂದ ಭಾಗಿಸಿದರೆ ಬರುವ ಅಂಕಿಯ ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಎಂದು ಅವು ಹೇಳುತ್ತವೆ. ಉಪ್ಪಿನ ಲೇಖನದಲ್ಲಿ 0.77ರಿಂದ 0.96. ಇಲ್ಲಿ 1 ಎಂದರೆ ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ಅಂದಾಜಿನ ಎರಡೂ ತುದಿ 1ಕ್ಕಿಂತ ಕೆಳಗಿವೆ, ಅಂದರೆ ಲಾಭ ಇರುವ ಹಾಗೆ ಕಾಣುತ್ತದೆ. ಅದು ಶೇ. 23ರಷ್ಟು ದೊಡ್ಡದೂ ಇರಬಹುದು, ಶೇ. 4ರಷ್ಟು ಚಿಕ್ಕದೂ ಇರಬಹುದು. ಒಂದು ತುದಿ 0.8, ಇನ್ನೊಂದು 1.1 ಎಂದು ಇದ್ದರೆ ಕುಣಿಯಬೇಡಿ.

ಮುಖ್ಯ ಫಲಿತಾಂಶ ಬಿಟ್ಟು ಚಿಕ್ಕ ಚಿಕ್ಕ ಗುಂಪುಗಳ ಲೆಕ್ಕ ಹಿಡಿದು ಕೂರುವುದು ಇನ್ನೊಂದು ಸಾಮಾನ್ಯ ತಪ್ಪು. 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಐಸಿಸ್-2 ಅಧ್ಯಯನ, ಹೃದಯಾಘಾತವಾದಾಗ ಆಸ್ಪಿರಿನ್ ಕೊಟ್ಟರೆ ಜೀವ ಉಳಿಯುತ್ತದೆ ಎಂದು 17,187 ರೋಗಿಗಳಲ್ಲಿ ತೋರಿಸಿತು. ಚಿಕ್ಕ ಗುಂಪಿನ ಲೆಕ್ಕ ಎಷ್ಟು ಮೋಸ ಮಾಡಬಲ್ಲದು ಎಂದು ತೋರಿಸಲು ಲೇಖಕರು ರೋಗಿಗಳನ್ನು ಹುಟ್ಟಿದ ರಾಶಿಯ ಪ್ರಕಾರವೂ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವೇ ಕಾಣಲಿಲ್ಲ! ಪಂಚಾಂಗ ನೋಡಿ ಆಸ್ಪಿರಿನ್ ಕೊಡುವ ಡಾಕ್ಟರು ಇದ್ದಾರೆಯೇ? ಲೆಕ್ಕವನ್ನು ಸಾಕಷ್ಟು ಸಲ ಕತ್ತರಿಸಿದರೆ ಎಲ್ಲಾದರೊಂದು ಕಡೆ ವಿಚಿತ್ರ ಸಿಕ್ಕೇ ಸಿಗುತ್ತದೆ.

## ಹಂತ 8: ದುಡ್ಡು ಯಾರದ್ದು, ಮೊದಲೇ ಏನು ಹೇಳಿದ್ದರು

ಲೇಖನದ ಕೊನೆಯಲ್ಲಿ ಹಣ ಕೊಟ್ಟವರ ಹೆಸರು ಇರುತ್ತದೆ. ಔಷಧ ಕಂಪನಿಯ ಹಣ ಎಂದ ಮಾತ್ರಕ್ಕೆ ಸುಳ್ಳಲ್ಲ, ಇನ್ನೊಮ್ಮೆ ಎಚ್ಚರದಿಂದ ಓದಬೇಕು ಅಷ್ಟೇ. ಪ್ರಯೋಗ ಶುರುವಾಗುವ ಮೊದಲೇ ಏನನ್ನು ಎಣಿಸುತ್ತೇವೆ ಎಂದು ನೋಂದಾಯಿಸಿರಬೇಕು. ಭಾರತದಲ್ಲಿ ಅದಕ್ಕೆ 2007ರಿಂದ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ತಾಣ ಇದೆ. ಅಲ್ಲಿ ಒಂದು ಹೇಳಿ ಲೇಖನದಲ್ಲಿ ಇನ್ನೊಂದು ಎಣಿಸಿದ್ದರೆ ಅನುಮಾನಪಡಿ.

## ಹಂತ 9: ಡಾಕ್ಟರ ಮುಂದೆ ಇಡಿ

ಹದಿನೈದು ಪುಟದ ಪ್ರಿಂಟ್ ಹಿಡಿದು ಹೋಗಬೇಡಿ. ಹೊರಗೆ ಸಾಲು ಇರುತ್ತದೆ, ಅವರಿಗೆ ಸಮಯ ಇರುವುದಿಲ್ಲ. ಅರ್ಧ ಹಾಳೆ ಸಾಕು: ಲೇಖನದ ಹೆಸರು ಮತ್ತು ವರ್ಷ, ಅದರಲ್ಲಿ ಯಾರಿದ್ದರು, ಯಾರು ಹೊರಗಿದ್ದರು, ಎಷ್ಟು ಜನಕ್ಕೆ ಎಷ್ಟು ಲಾಭ. ಕೆಳಗೆ ನಿಮ್ಮ ಗುಳಿಗೆಗಳು ಮತ್ತು ಇತ್ತೀಚಿನ ಕ್ರಿಯಾಟಿನಿನ್, ಪೊಟ್ಯಾಸಿಯಂ.

ಕೇಳುವ ರೀತಿ ನೋಡಿಕೊಳ್ಳಿ. "ಡಾಕ್ಟ್ರೇ, ನೀವು ಕೊಟ್ಟ ಗುಳಿಗೆ ಬೇಡವಂತೆ, ಉಪ್ಪು ಬದಲಿಸಿದರೆ ಸಾಕಂತೆ" ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಡಾಕ್ಟ್ರೇ, ಈ ಉಪ್ಪು ನನಗೆ ಆಗ್ತದಾ? ನಾನು ಟೆಲ್ಮಿಸಾರ್ಟನ್ ತಗೊಳ್ತಾ ಇದ್ದೇನೆ, ಪೊಟ್ಯಾಸಿಯಂ ಒಮ್ಮೆ ನೋಡಬೇಕಾ?" ಎಂದರೆ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಹಳೆಯ ಉಪ್ಪು, ಹಳೆಯ ಗುಳಿಗೆ. ಉಪ್ಪಿನ ಪ್ರಮಾಣ ಕಡಿಮೆ ಮಾಡುವುದು ಎಷ್ಟು ಎಂದೂ ಅಲ್ಲೇ ಕೇಳಿ.

ಅವರು ಬೇಡ ಎಂದರೆ ಕಾರಣವನ್ನೂ ದಿನಾಂಕವನ್ನೂ ಅದೇ ಹಾಳೆಯಲ್ಲಿ ಬರೆದು ಫೈಲಿಗೆ ಸೇರಿಸಿ. ಗುಳಿಗೆ ಬದಲಾದಾಗ, ಕಿಡ್ನಿಯ ರಿಪೋರ್ಟ್ ಬದಲಾದಾಗ ಉತ್ತರವೂ ಬದಲಾಗಬಹುದು, ಆಗ ಹಾಳೆ ತೆಗೆದು ಮತ್ತೆ ಕೇಳಿ. ಬೇರೆ ಊರಿನ ಆಸ್ಪತ್ರೆಗೆ ಹೋಗುವಾಗಲೂ ಅದು ಫೈಲಿನಲ್ಲೇ ಇರಲಿ. ಅಲ್ಲಿನ ಡಾಕ್ಟರಿಗೆ ಇಲ್ಲಿ ಏನು ಹೇಳಿದ್ದಾರೆಂದು ತಿಳಿಯಲು ಬೇರೆ ದಾರಿ ಇರುವುದಿಲ್ಲ.